ಅಮ್ಮನ ನಲವತ್ತೊಂದು ಹಾಡುಗಳು

ಇಲ್ಲಿ ಬರೆಯದೆ ಬಹಳ ದಿನಗಳಾದವು. ಸೋಮಾರಿತನ ಒಂದು ಕಾರಣ. ಲ್ಯಾಪ್‌ಟಾಪು ಕೈ ಕೊಟ್ಟಿದ್ದು ಇನ್ನೊಂದು. "ಲ್ಯಾಪ್‌ಟಾಪಿಗೆ ಎರಡನೇ ಡ್ರೈವ್ ಹಾಕಿಸ್ಬೇಕು ಮಾರಾಯ, ಯಾವುದು ನಂಬಬಹುದು?" ಅಂತ ಗೆಳೆಯರು ಆಗಾಗ ಕೇಳುತ್ತಿರುತ್ತಾರೆ. ನಾನೂ ಇದೇ ಪ್ರಶ್ನೆ ಹಿಡಿದು ಅಲೆದವನೇ. ಆದರೆ ಅಲೆಯಲು ಶುರು ಮಾಡಿದ್ದು ಸ್ವಲ್ಪ ತಡವಾಗಿ. ಆ ಕತೆ ಹೇಳುತ್ತೇನೆ.

ನನ್ನ ಲ್ಯಾಪ್‌ಟಾಪು ಡಿವಿಡಿ ಡ್ರೈವ್ ಇರುತ್ತಿದ್ದ ಕಾಲದ್ದು. ಆ ಡ್ರೈವನ್ನು ಕಳಚಿ ಅಟ್ಟಕ್ಕೆ ಹಾಕಿ, ಅದೇ ಜಾಗದಲ್ಲಿ ಕ್ಯಾಡಿ ಎನ್ನುವ ಚೌಕಟ್ಟಿನೊಳಗೆ 1 ಟಿಬಿಯ ಹಾರ್ಡ್‌ಡಿಸ್ಕ್ ಕೂರಿಸಿದ್ದೆ. ಸಿನಿಮಾ, ಪ್ರವಾಸದ ಫೋಟೋ, ಎಂದೋ ಬರಹದಲ್ಲಿ ಟೈಪಿಸಿದ್ದ ಅರ್ಧಂಬರ್ಧ ಕತೆಗಳು ಎಲ್ಲವೂ ಅದರಲ್ಲೇ. ಜೊತೆಗೆ 'ಅಮ್ಮ' ಅನ್ನುವ ಒಂದು ಫೋಲ್ಡರ್.

2009ರಲ್ಲಿ ನಮ್ಮ ಬಸವೇಶ್ವರನಗರದ ಮನೆಯ ಅಡುಗೆಮನೆಯಲ್ಲಿ ಅಮ್ಮ ಹಾಡಿದ್ದ ಹಾಡುಗಳು ಅವು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಸೋಬಾನೆ, ನನ್ನನ್ನು ಮಲಗಿಸುತ್ತಿದ್ದ ಜೋಗುಳ. ಒಟ್ಟು ನಲವತ್ತೊಂದು. ಮಧ್ಯೆ ಮಧ್ಯೆ ಕುಕ್ಕರ್ ಕೂಗುತ್ತದೆ, ಹಾಲಿನವನು ಬರುತ್ತಾನೆ. ಎಲ್ಲ ಸೇರಿದರೂ 200 ಎಂಬಿ ಆಗುತ್ತಿರಲಿಲ್ಲ. ಅಮ್ಮ ಹೋಗಿದ್ದು 2016ರಲ್ಲಿ.

ಕಳೆದ ವರ್ಷ ಒಂದು ಬೆಳಿಗ್ಗೆ ಫೋಟೋಗಳು ಆ ಡಿಸ್ಕಿಗೆ ನಕಲಾಗುತ್ತಿದ್ದವು. ಆಫೀಸಿಗೆ ಹೊತ್ತಾಯಿತು. ಮುಚ್ಚಿದರೂ ನಿದ್ದೆಗೆ ಹೋಗದಂತೆ ಸೆಟ್ ಮಾಡಿ, ಬ್ಯಾಗಿಗೆ ತುರುಕಿ, ಸ್ಕೂಟರ್ ಹತ್ತಿದೆ. ರಾಜಾಜಿನಗರ ಸೇರುವಷ್ಟರಲ್ಲಿ ಎಷ್ಟು ಹಂಪು, ಎಷ್ಟು ಗುಂಡಿ! ಆ ಡಿಸ್ಕು ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅದನ್ನು ಓದುವ ಹೆಡ್ಡು ತಲೆಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಎತ್ತರದಲ್ಲಿ ತೇಲುತ್ತಿರುತ್ತದೆ. ಸಂಜೆ ಮನೆಗೆ ಬಂದು ತೆರೆದರೆ ಟಕ್... ಟಕ್... ಟಕ್... ಅಷ್ಟೇ.

ಡೇಟಾ ತೆಗೆದುಕೊಡುವವರ ಬಳಿ ಹೋದೆ. ಬಿಚ್ಚಿ ನೋಡಿ, ತಟ್ಟೆಯ ಮೇಲೆ ಉಂಗುರದಂತೆ ಗೀರಾಗಿದ್ದನ್ನು ತೋರಿಸಿದರು. "ಬೇರೆ ಕಾಪಿ ಇದೆ ಅಲ್ವಾ ಸಾರ್?" ಅಂದರು. ಇರಲಿಲ್ಲ. ಹಳೇ ಲ್ಯಾಪ್‌ಟಾಪಿನಿಂದ ಈ ಡಿಸ್ಕಿಗೆ ಹಾಕುವಾಗ ನಾನು ಕಾಪಿ ಮಾಡಿರಲಿಲ್ಲ, ಕಟ್ ಮಾಡಿದ್ದೆ. ಜಾಗ ಉಳಿಯಲಿ ಅಂತ!

ಆಗ ಶುರುವಾಯಿತು ನನ್ನ ಸಂಶೋಧನೆ. ಎಂದಿಗೂ ಕೆಡದ ಡ್ರೈವ್ ಯಾವುದು? ಡಬ್ಬಿಗಳ ಮೇಲೆ, ಕಂಪನಿಗಳ ಪುಟಗಳಲ್ಲಿ 15 ಲಕ್ಷ ಗಂಟೆ ಎಂಬ ಅಂಕಿ ಕಾಣುತ್ತದೆ. ಲೆಕ್ಕ ಹಾಕಿದರೆ 171 ವರ್ಷ. ಮೊಮ್ಮಗನಿಗೂ ಆಯಿತು ಅಂದುಕೊಂಡೆ. ಆದರೆ ಅದರ ಅರ್ಥ ಹಾಗಲ್ಲವಂತೆ. 171 ಮನೆಗಳಲ್ಲಿ ಒಂದೊಂದು ಡ್ರೈವ್ ಹಗಲೂ ರಾತ್ರಿ ಓಡುತ್ತಿದ್ದರೆ, ಸರಾಸರಿ ವರ್ಷಕ್ಕೆ ಒಂದು ಮನೆಯದು ಕೆಡುತ್ತದೆ ಅಂತ. ಅದೂ ಕಂಪನಿಯ ಲೆಕ್ಕ. ಸಾವಿರಾರು ಹಾರ್ಡ್‌ಡಿಸ್ಕ್ ಓಡಿಸುವ ಅಮೆರಿಕದ ಬ್ಯಾಕ್‌ಬ್ಲೇಜ್ ಸಂಸ್ಥೆ ಯಾವುದು ಎಷ್ಟು ಕೆಟ್ಟಿತೆಂದು 2013ರಿಂದ ಪ್ರಕಟಿಸುತ್ತಿದೆ. ಅವರಲ್ಲಿ ಸುಮಾರಾಗಿ ವರ್ಷಕ್ಕೆ ನೂರಕ್ಕೆ ಒಂದು, ಒಂದೂವರೆ. ನಮ್ಮ ಬೀದಿಯಲ್ಲೇ ನೂರು ಮನೆಗಳಿವೆ. ಆ ವರ್ಷದ ಮನೆ ನಮ್ಮದಾಗಿತ್ತು.

ಒಂದು ಶನಿವಾರ ವಿಜಯನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಚಿಕ್ಕಪೇಟೆಯಲ್ಲಿಳಿದು ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯವನನ್ನು ಕೇಳಿದೆ, "ಗ್ಯಾರಂಟಿ ಇರೋದು ಯಾವುದಪ್ಪಾ?"

"ಎಲ್ಲದಕ್ಕೂ ಇದೆ ಸಾರ್. ಮೂರು ವರ್ಷದ್ದಿದೆ, ಐದು ವರ್ಷದ್ದಿದೆ. ಆದ್ರೆ ಗ್ಯಾರಂಟಿ ಡ್ರೈವ್‌ಗೆ. ಒಳಗಡೆ ಇರೋದಕ್ಕಲ್ಲ."

ಇಷ್ಟು ಸರಳವಾದ ಮಾತು ನನಗೆ ಯಾರೂ ಹೇಳಿರಲಿಲ್ಲ. ಕೆಟ್ಟರೆ ಹೊಸ ಡ್ರೈವ್ ಕೊಡುತ್ತಾರೆ, ಖಾಲಿಯದು.

ಓದಿ ಕೇಳಿ ತಿಳಿದದ್ದನ್ನು ನಿಮಗೂ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪಿನ ಒಳಗೆ ಹಾಕುವುದಾದರೆ ಈಗ ಎಸ್‌ಎಸ್‌ಡಿಯೇ ಸರಿ. ತಿರುಗುವ ಭಾಗವೇ ಇಲ್ಲ, ಬಸವೇಶ್ವರನಗರದ ಹಂಪುಗಳಿಗೆ ಹೆದರುವುದಿಲ್ಲ. "ಎಸ್‌ಎಸ್‌ಡಿ ಬರೆದು ಬರೆದು ಸವೆಯುತ್ತೆ" ಎನ್ನುವ ಭಯ ಬೇಡ. ಉದಾಹರಣೆಗೆ ಸ್ಯಾಮ್‌ಸಂಗ್ 870 ಇವೊ 1 ಟಿಬಿ ಡ್ರೈವಿಗೆ 5 ವರ್ಷ ಅಥವಾ 600 ಟಿಬಿ ಬರೆಯುವವರೆಗೆ ವಾರಂಟಿ. ದಿನಕ್ಕೆ 20 ಜಿಬಿ ಬರೆದರೂ 600 ಟಿಬಿ ಮುಗಿಯಲು 82 ವರ್ಷ ಬೇಕು. ಅದೇ ಕಂಪನಿಯ ಅಗ್ಗದ ಕ್ಯೂವಿಒಗೆ 3 ವರ್ಷ, 360 ಟಿಬಿ. ಅಗ್ಗದ್ದರಲ್ಲಿ ಒಂದು ಕೋಶಕ್ಕೆ ನಾಲ್ಕು ಬಿಟ್ ತುಂಬುತ್ತಾರೆ, ಇನ್ನೊಂದರಲ್ಲಿ ಮೂರು. ಮೂರರದ್ದೇ ಕೇಳಿ ತಗೊಳ್ಳಿ.

ಎಸ್‌ಎಸ್‌ಡಿಯ ಕೆಟ್ಟ ಗುಣ ಬೇರೆ ಇದೆ. ಹಾರ್ಡ್‌ಡಿಸ್ಕು ಸಾಯುವ ಮುಂಚೆ ಎಷ್ಟೋ ಸಲ ನರಳುತ್ತದೆ, ನಿಧಾನವಾಗುತ್ತದೆ. ಎಸ್‌ಎಸ್‌ಡಿ ನಿನ್ನೆ ಚೆನ್ನಾಗಿದ್ದು ಇವತ್ತು ಇಲ್ಲವಾಗಬಹುದು. ಇನ್ನೊಂದು, ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಡಲು ಅದು ತಕ್ಕದ್ದಲ್ಲ. ಪೂರ್ತಿ ಸವೆದ ಎಸ್‌ಎಸ್‌ಡಿ 30 ಡಿಗ್ರಿ ಬಿಸಿಯಲ್ಲಿ ಒಂದು ವರ್ಷ ಡೇಟಾ ಹಿಡಿದಿಟ್ಟರೆ ಸಾಕು ಎನ್ನುವುದೇ ಆ ಉದ್ಯಮದ ಮಾನದಂಡ. ಹೊಸದು ಅದಕ್ಕಿಂತ ಬಹಳ ಹೆಚ್ಚು ತಾಳುತ್ತದೆ, ಆದರೂ ಬೀರುವಿಗೆ ಹಾರ್ಡ್‌ಡಿಸ್ಕೇ ವಾಸಿ.

ಬೀರುವಿನ ಹಾರ್ಡ್‌ಡಿಸ್ಕಿನಲ್ಲೂ ಒಂದು ಸೂಕ್ಷ್ಮ ಇದೆ. ಈಗಿನ ಚಿಕ್ಕ ಪೋರ್ಟಬಲ್ ಡಿಸ್ಕುಗಳಲ್ಲಿ ಹೆಚ್ಚಿನವು ಮಂಗಳೂರು ಹೆಂಚು ಹೊದಿಸಿದ ಹಾಗೆ ಒಂದು ಸಾಲಿನ ಅಂಚಿನ ಮೇಲೆ ಇನ್ನೊಂದು ಸಾಲು ಬರೆಯುತ್ತವೆ. ಒಂದು ಹೆಂಚು ಬದಲಿಸಬೇಕಾದರೆ ಪಕ್ಕದವನ್ನೂ ಎತ್ತಬೇಕು. ಹಾಗಾಗಿ ದಿನಾ ಬರೆದು ಅಳಿಸುವ ಕೆಲಸಕ್ಕೆ ನಿಧಾನ. ಕಂಪನಿಗಳು ಇದನ್ನು ಹೇಳದೆಯೇ ಕೆಲವು ಡಿಸ್ಕುಗಳನ್ನು ಮಾರಿದ್ದು 2020ರಲ್ಲಿ ಗದ್ದಲವಾಗಿತ್ತು. ಒಂದು ಸಲ ಬರೆದು ಇಡುವುದಕ್ಕೆ ತೊಂದರೆಯಿಲ್ಲ. ಯಾವುದೇ ಆಗಲಿ, ತಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯೂ ಥರದ ತಂತ್ರಾಂಶದಿಂದ ಪೂರ್ತಿ ತುಂಬಿಸಿ, ಓದಿಸಿ ನೋಡಿ. 2 ಟಿಬಿ ಅಂತ ಹೇಳಿ ಒಳಗೆ 64 ಜಿಬಿ ಇಟ್ಟಿರುವ ನಕಲಿಗಳೂ ಇವೆ.

ಕೊನೆಗೆ ನಾನು ಒಳಗೆ ಒಂದು ಎಸ್‌ಎಸ್‌ಡಿ ಹಾಕಿಸಿದೆ. ಹೊರಗೆ ಇಡಲು ಎರಡು ಸಾಧಾರಣ ಹಾರ್ಡ್‌ಡಿಸ್ಕ್ ತಂದೆ. ಬೇಕೆಂದೇ ಬೇರೆ ಬೇರೆ ಕಂಪನಿಯವು. ವರ್ಷಕ್ಕೆ ನೂರಕ್ಕೆ ಒಂದೂವರೆ ಕೆಡುವುದಾದರೆ, ಎರಡೂ ಒಂದೇ ವರ್ಷ ಕೆಡುವ ಸಂಭವ ಸುಮಾರು 4400ರಲ್ಲಿ ಒಂದು. ಆದರೆ ಒಂದೇ ಬೀರುವಿನಲ್ಲಿಟ್ಟರೆ ಈ ಲೆಕ್ಕ ಸುಳ್ಳು. ಕಳ್ಳ ಬಂದರೆ, ನೀರು ನುಗ್ಗಿದರೆ ಎರಡೂ ಒಟ್ಟಿಗೇ ಹೋಗುತ್ತವೆ. ಅದಕ್ಕೆ ಒಂದನ್ನು ಕೆಂಗೇರಿಯ ಚಿಕ್ಕಮ್ಮನ ಮನೆಯಲ್ಲಿಡೋಣ ಅಂತ ಹೋದೆ. ವಿಷಯ ಹೇಳಿದಾಗ ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು,

"ಅಲ್ವೋ, ಅಕ್ಕನ ಹಾಡಿನ ಸಿಡಿ ನಂಗೆ ಕೊಟ್ಟಿದ್ಯಲ್ಲ? ಶೋಕೇಸಲ್ಲಿದೆ ನೋಡು" ಅಂದಳು.

ಎದೆ ಧಸಕ್ ಅಂತು. 2010ರಲ್ಲಿ ಅವಳ ಪ್ಲೇಯರಿಗೆ ಅಂತ ಬರೆದುಕೊಟ್ಟಿದ್ದ ಸಿಡಿ! ಮನೆಗೆ ತಂದು, ಅಟ್ಟ ಹತ್ತಿ ಹಳೇ ಡಿವಿಡಿ ಡ್ರೈವ್ ಹುಡುಕಿ, ಹೊಸ ಎಸ್‌ಎಸ್‌ಡಿ ಕಳಚಿ ಅದನ್ನು ಮತ್ತೆ ಕೂರಿಸಿದೆ. ಸಿಡಿ ಓದಿತು. ಆದರೆ ಅವಳ ಪ್ಲೇಯರಿಗೆ ಎಂಪಿ3 ಆಗುತ್ತಿರಲಿಲ್ಲವಾದ್ದರಿಂದ ಆಡಿಯೋ ಸಿಡಿ ಮಾಡಿದ್ದೆ. ಅದಕ್ಕೆ ಹಿಡಿಸುವುದು 80 ನಿಮಿಷ. ಹತ್ತೊಂಬತ್ತು ಹಾಡು ಮಾತ್ರ ಇದ್ದವು. ಇಪ್ಪತ್ತೆರಡು ಹೋದವು. ಜೋಗುಳ ಅದರಲ್ಲಿ ಇರಲಿಲ್ಲ.

ಆ ಹತ್ತೊಂಬತ್ತು ಈಗ ಎಸ್‌ಎಸ್‌ಡಿಯಲ್ಲಿವೆ, ಎರಡು ಹಾರ್ಡ್‌ಡಿಸ್ಕಿನಲ್ಲಿವೆ, ತಂಗಿಯ ಫೋನಿನಲ್ಲೂ ಇವೆ. ಮೂರು ತಿಂಗಳಿಗೊಮ್ಮೆ ಕೆಂಗೇರಿಗೆ ಹೋಗಿ ಆ ಡಿಸ್ಕು ಚುಚ್ಚಿ ಒಂದೆರಡು ಹಾಡು ಕೇಳಿ ಬರುತ್ತೇನೆ. ತೆರೆದು ನೋಡದ ನಕಲು ಇದೆಯೋ ಇಲ್ಲವೋ ಅಂತ ಹೇಳಲಿಕ್ಕಾಗುವುದಿಲ್ಲ. ಕಳೆದ ಸಲ ಹೋದಾಗ ಚಿಕ್ಕಮ್ಮನೇ, "ಆ ಜೋಗುಳ ನಂಗೂ ಬರತ್ತೆ, ಅಕ್ಕನ ಥರ ಅಲ್ಲ. ಬರ್ಕೋತೀಯಾ?" ಅಂದಳು. ರೆಕಾರ್ಡ್ ಮಾಡಿಕೊಂಡೆ. ಎರಡನೇ ನುಡಿಯಲ್ಲಿ ಪದ ಮರೆತು ನಕ್ಕಳು. ಅದನ್ನು ಕತ್ತರಿಸಲಿಲ್ಲ, ಹಾಗೇ ಇಟ್ಟಿದ್ದೇನೆ.

ನಿಮ್ಮ ಲ್ಯಾಪ್‌ಟಾಪಿನಲ್ಲೂ ಇಂಥದೊಂದು ಫೋಲ್ಡರ್ ಇರುತ್ತದೆ, ನನಗೆ ಗೊತ್ತು. ಯಾವ ಡ್ರೈವ್ ಒಳ್ಳೆಯದು ಅಂತ ನಾಳೆ ವಿಚಾರಿಸಿ. ಇವತ್ತು ರಾತ್ರಿ ಮಲಗುವ ಮುಂಚೆ ಅದನ್ನು ಕೈಗೆ ಸಿಕ್ಕ ಒಂದು ಪೆನ್‌ಡ್ರೈವಿಗೆ ಕಾಪಿ ಮಾಡಿ. ಕಟ್ ಮಾಡಬೇಡಿ.