ನಡುವೆ ಒಂದೇ ಒಂದು ಗೆರೆ

ಹಳೇ ಪಿಕ್ಚರ್ ಟ್ಯೂಬ್ ಟೀವಿಗಳ ಒಂದು ಗುಣ ನಂಗೆ ತುಂಬಾ ಇಷ್ಟ. ಏನು ಕೆಟ್ಟಿದೆ ಅನ್ನೋದನ್ನ ಎಷ್ಟೋ ಸಲ ಮುಖದ ಮೇಲೇ ತೋರಿಸಿಬಿಡ್ತವೆ. ನಾವು ಸಾಫ್ಟ್‌ವೇರಿನವರು ರಾತ್ರಿಯೆಲ್ಲಾ ಲಾಗ್ ಫೈಲ್ ಕೆದಕಿದ್ರೂ ಇಷ್ಟು ಸ್ಪಷ್ಟವಾಗಿ ಸಿಗಲ್ಲ ಬಿಡಿ!

2024ರ ದೀಪಾವಳಿಗೆ ಅಜ್ಜಿ ಮನೆಗೆ ಹೋದಾಗ 21 ಇಂಚಿನ ಟೀವಿಯಲ್ಲಿ ಕತ್ತಲ ನಡುವೆ ಅಡ್ಡಕ್ಕೆ ಒಂದೇ ಗೆರೆ. ಧ್ವನಿ ಸರಿ ಇತ್ತು, ಅಜ್ಜಿ ಧಾರಾವಾಹಿಯನ್ನ ರೇಡಿಯೋ ಥರ ಕೇಳ್ತಾ ಕೂತಿದ್ರು. ಹೊಸದು ತರೋಣ ಅಂದ್ರೆ "ಅದು ನಿಮ್ಮಜ್ಜ ತಂದಿದ್ದು" ಅಂತ ಒಂದೇ ಮಾತು.

ವಿಚಿತ್ರ ಅಂದ್ರೆ ಅದೇ ಮನೇಲಿರೋ ಸೋದರಮಾವ ಮೂವತ್ತು ವರ್ಷ ಟೀವಿ ರಿಪೇರಿ ಮಾಡಿದವರು. ಮೊದಲ ದಿನವೇ ಬ್ರೈಟ್‌ನೆಸ್ ಇಳಿಸಿಟ್ಟಿದ್ರಂತೆ. ಕಿರಣವೆಲ್ಲ ಒಂದೇ ಗೆರೆಗೆ ಬೀಳ್ತಾ ಇದ್ರೆ ಅಲ್ಲಿನ ಫಾಸ್ಫರ್ ಸುಟ್ಟು ಕಲೆ ಉಳಿದುಬಿಡುತ್ತೆ. ಕಿರಣ ಅಡ್ಡಕ್ಕೆ ಓಡೋದು ಸೆಕೆಂಡಿಗೆ 15,625 ಸಲ, ಮೇಲಿಂದ ಕೆಳಕ್ಕೆ 50 ಸಲ. ಈ ಎರಡನೇದು ನಿಂತ್ರೆ ಗೆರೆ. ಮೊದಲನೇ ಸರ್ಕ್ಯೂಟೇ ಸತ್ರೆ ಟೀವಿ ಪೂರ್ತಿ ಕತ್ತಲು, ಯಾಕಂದ್ರೆ ಟ್ಯೂಬಿಗೆ ಬೇಕಾದ ಇಪ್ಪತ್ತು-ಇಪ್ಪತ್ತೈದು ಸಾವಿರ ವೋಲ್ಟ್ ಹುಟ್ಟೋದೂ ಅಲ್ಲೇ.

"ವರ್ಟಿಕಲ್ ಐಸಿ ಹತ್ರ ಡ್ರೈ ಸೋಲ್ಡರ್ ಇರ್ಬೇಕು" ಅಂದ್ರು ಮಾವ. ಮತ್ತೆ ಯಾಕೆ ಮಾಡ್ಲಿಲ್ಲ ಅಂತ ಕೇಳಿದೆ. ಬೇರೆ ಕಡೆ ನೋಡ್ತಾ, "ನಂಗೆ ಈಗ ಅಷ್ಟು ಸಣ್ಣದು ಕಾಣಲ್ಲ ಮಾರಾಯ" ಅಂದ್ರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು, ಮನೇಲಿ ಯಾರಿಗೂ ಹೇಳಿರ್ಲಿಲ್ಲ.

ಪ್ಲಗ್ ಕಿತ್ತು ಹಿಂದಿನ ಕವರ್ ತೆಗೆದ್ವಿ. ಸ್ವಿಚ್ ಆರಿಸಿದ ಮೇಲೂ ಟ್ಯೂಬಲ್ಲಿ ಚಾರ್ಜ್ ಕೂತಿರುತ್ತೆ. (ಗೊತ್ತಿಲ್ಲದೆ ಯಾರೂ ಕೈ ಹಾಕ್ಬೇಡಿ ದಯವಿಟ್ಟು.) ಅದನ್ನ ಗ್ರೌಂಡಿಗೆ ಇಳಿಸೋ ಕೆಲಸ ಮಾವನದ್ದೇ, ಅದಕ್ಕೆ ಅವರಿಗೆ ಕಣ್ಣೇ ಬೇಡ. ನಾನು ಭೂತಗನ್ನಡಿ ಹಿಡಿದೆ. ಹೀಟ್‌ಸಿಂಕಿಗೆ ಅಂಟಿದ ಐಸಿಯ ಎರಡು ಕಾಲುಗಳ ಸುತ್ತ ಕೂದಲಿನಷ್ಟು ಸಣ್ಣ, ಉಂಗುರದಂಥ ಬಿರುಕು! ವರ್ಷಗಟ್ಟಲೆ ಕಾದು ಆರಿ ಬೆಸುಗೆ ಬಿಟ್ಟಿತ್ತು. ಹಳೇ ಬೆಸುಗೆ ತೆಗೆದು ಹೊಸದು ಹಾಕಿದೆ. ಚಿತ್ರ ಬಂತು, ಆದ್ರೆ ಮೇಲ್ಭಾಗ ಮಡಚಿಕೊಂಡಿತ್ತು. ಮಾವ ದೂರದಿಂದಲೇ "ಐಸಿ ಪಕ್ಕದ ಕೆಪಾಸಿಟರ್ ಒಣಗಿದೆ, ಎಷ್ಟು ಮೈಕ್ರೋ ಅಂತ ಓದು" ಅಂದ್ರು. ಅದೇ ಬೆಲೆಯದ್ದು ಅವರ ಬಿಸ್ಕತ್ ಡಬ್ಬಿಯಲ್ಲೇ ಸಿಕ್ತು.

ಟೀವಿ ಸರಿಯಾಯ್ತು. ಮರುವಾರ ಮಾವನನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋದೆ. ಲೇಸರ್ ಮಾಡಿದಾರೆ, ಇರೋ ದೃಷ್ಟಿ ಉಳಿಸಿಕೊಳ್ಳೋಕೆ ಅಷ್ಟೇ ಅಂತೆ.

ಟೀವಿಯ ಮೂಲೆಯಲ್ಲಿ ಒಂಚೂರು ಹಸಿರು ಛಾಯೆ ಇನ್ನೂ ಇದೆ. ಆನ್ ಮಾಡಿದಾಗ 'ಡುಂಯ್' ಅನ್ನೋ ಸದ್ದೂ ಇಲ್ಲ, ಡೀಗಾಸಿಂಗ್ ಪೋಸಿಸ್ಟರ್ ಹೋಗಿರ್ಬೇಕು ಅಂತಾರೆ ಮಾವ. ಮೂರು ಕಾಲಿಂದು. ನಿಮ್ಮಲ್ಲಿ ಯಾರ ಹತ್ರನಾದ್ರೂ ಇದ್ರೆ ಹೇಳ್ರಪ್ಪಾ...