ಹೊಟ್ಟೆಯಲ್ಲಿದ್ದ ಕರುವಿನ ಲೆಕ್ಕ

2024ರ ಫೆಬ್ರವರಿ 26ರಂದು ಅಮೆರಿಕದ ಟೆಕ್ಸಾಸ್‌ನ ಹಚಿನ್‌ಸನ್ ಕೌಂಟಿಯಲ್ಲಿ ಹೊತ್ತಿಕೊಂಡ ಸ್ಮೋಕ್‌ಹೌಸ್ ಕ್ರೀಕ್ ಬೆಂಕಿ 10 ಲಕ್ಷ ಎಕರೆಗೂ ಹೆಚ್ಚು ನೆಲವನ್ನು ಸುಟ್ಟಿತು. ಸಾವಿರಾರು ದನಗಳು ಸತ್ತವು. ಬದುಕುಳಿದವುಗಳಲ್ಲೂ ಎಷ್ಟೋ ಹಸುಗಳ ಗೊರಸು ಬೆಂದು, ಕೆಚ್ಚಲು ಸುಟ್ಟು ಹೋಗಿತ್ತು. ಸಾಕಿದವರೇ ಗುಂಡಿಕ್ಕಿ ಅವುಗಳ ನೋವು ಮುಗಿಸಬೇಕಾಯಿತು.

ಹೀಗೆ ಬೆಂಕಿಯಲ್ಲಿ ಸತ್ತ ದನಕ್ಕೆ ಅಲ್ಲಿನ ಕೇಂದ್ರ ಸರ್ಕಾರ ಸರಾಸರಿ ಮಾರುಕಟ್ಟೆ ಬೆಲೆಯ ಶೇ 75ರಷ್ಟು ಪರಿಹಾರ ಕೊಡುತ್ತದೆ. ಫೋಟೊ, ರಸೀದಿ, ಪಶುವೈದ್ಯರ ದಾಖಲೆಯಂಥ ಪುರಾವೆ ಕೇಳುತ್ತದೆ. ಕೇಳಲಿ, ಅದು ಜನರ ದುಡ್ಡು. ನನ್ನನ್ನು ಕಾಡಿದ್ದು ಬೇರೆ. ಬೆಂಕಿ ಬಿದ್ದದ್ದು ಹಸುಗಳು ಕರು ಹಾಕುವ ಕಾಲದಲ್ಲಿ. ತುಂಬು ಗಬ್ಬದ ಹಸು ಸತ್ತರೂ ಆಗ ಸರ್ಕಾರದ ಲೆಕ್ಕದಲ್ಲಿ ಒಂದೇ ತಲೆ! ಹೊಟ್ಟೆಯಲ್ಲಿದ್ದ ಕರು, ಅಂದರೆ ಸಾಕಿದ ಕುಟುಂಬದ ಮುಂದಿನ ಆದಾಯ, ಯಾವ ಅರ್ಜಿಯಲ್ಲೂ ಇರಲಿಲ್ಲ.

2025ರ ಜುಲೈನಲ್ಲಿ ಬಂದ ಹೊಸ ಕಾನೂನು ಹುಟ್ಟದ ಕರುವಿಗೂ ಪರಿಹಾರ ಸೇರಿಸಿತು. 2024ರ ಜನವರಿಯಿಂದ ಆದ ನಷ್ಟಕ್ಕೂ ಅದು ಅನ್ವಯಿಸುತ್ತದೆ. ಒಳ್ಳೆಯದೇ ಆಯಿತು. ಆದರೆ ಹುಲ್ಲೂ ಇಲ್ಲದೆ, ಬೇಲಿಯೂ ಇಲ್ಲದೆ ನಿಂತವರಿಗೆ ದುಡ್ಡು ಬೇಕಿದ್ದದ್ದು ಬೆಂಕಿ ಆರಿದ ಆ ವಾರದಲ್ಲೇ.