ಐದು ತಾಸು

ದೂರ ಬೇರೆ, ಸ್ಥಾನಪಲ್ಲಟ ಬೇರೆ ಎಂದು ಭೌತಶಾಸ್ತ್ರದ ಕ್ಲಾಸಿನಲ್ಲಿ ಕೇಳಿದ ದಿನ ನನಗೆ ನೆನಪಾದದ್ದು ನಾನಿಯ ಮನೆ. ಸಿಂಧನೂರಿನಿಂದ ಲಿಂಗಸುಗೂರಿಗೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಸುಮಾರು 50 ಕಿ.ಮೀ. ಮಸ್ಕಿ ಮೇಲಿನ ರಸ್ತೆ ಅದಕ್ಕಿಂತ ಐದಾರು ಕಿ.ಮೀ. ಹೆಚ್ಚು, ಅಷ್ಟೇ. ಆದರೆ ಶನಿವಾರ ಕಾಲೇಜು ಬಿಟ್ಟು, ಬಸ್ಸಿಗೆ ಕಾದು, ಆಧಾರ್ ಕಾರ್ಡ್ ತೋರಿಸಿ, ನಿಂತುಕೊಂಡೇ ಹೋಗಿ ನಾನಿಯ ಬಾಗಿಲು ತಟ್ಟುವಷ್ಟರಲ್ಲಿ ಅಸರ್ ಅಜಾನ್ ಆಗಿರುತ್ತಿತ್ತು. ಮಸ್ಕಿಯಲ್ಲಿ ಬಸ್ಸು ನಿಂತಾಗ ಅಶೋಕನ ಶಾಸನ ನೆನಪಾಗುತ್ತಿತ್ತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅದನ್ನು ಪತ್ತೆ ಮಾಡಿದರಂತೆ. ಪಾಟಲಿಪುತ್ರದ ಮಾತು ಇಲ್ಲಿಗೆ ಬರಲು ಎಷ್ಟು ತಿಂಗಳು ಹಿಡಿಯಿತೋ!

ನನ್ನ ಮಾಮು ಜಿದ್ದಾದಲ್ಲಿ ಡ್ರೈವರ್. "ಅವನ ಊರು ಎಷ್ಟು ದೂರ ಐತವ್ವಾ? ನೀ ಓದಾಕಿ, ನೋಡಿ ಹೇಳು" ಎಂದು ನಾನಿ ಒಮ್ಮೆ ಕೇಳಿದರು. ನಾನು ನೋಟ್‌ಬುಕ್ ತೆಗೆದೆ. ಜಿದ್ದಾದಿಂದ ಹೈದರಾಬಾದಿಗೆ ಆಕಾಶಮಾರ್ಗದಲ್ಲಿ ಸುಮಾರು 4,100 ಕಿ.ಮೀ. ವಿಮಾನದ ವೇಗ ಗಂಟೆಗೆ 850 ಎಂದಿಟ್ಟುಕೊಂಡೆ. ಚಳಿಗಾಲದಲ್ಲಿ ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಹೋಗುವಾಗ ಹೆಚ್ಚು ಹೊತ್ತು, ಬರುವಾಗ ಕಡಿಮೆ.

"ಬರಾಕ ಐದು ತಾಸು, ನಾನಿ."

"ಐದು ತಾಸಾ? ರಾಯಚೂರಿಗೆ ಹೋಗಿ ಬಂದಂಗಾತು!"

ಅಂದಿನಿಂದ ಓಣಿಯವರಿಗೆಲ್ಲ ಇದೇ ಮಾತು. ಬೆಳಿಗ್ಗೆ ಫೋನ್ ಮಾಡಿದರೆ ಸಂಜೆಗೆ ಮಗ ಬರುತ್ತಾನೆ, ಮೊಮ್ಮಗಳು ಲೆಕ್ಕ ಮಾಡಿ ಹೇಳ್ಯಾಳ.

ಕಳೆದ ಚಳಿಗಾಲದ ಒಂದು ಸೋಮವಾರ, ಫಜರ್‌ಗೂ ಮುಂಚೆ ನಾನಿ ತೀರಿಕೊಂಡರು. ಐದು ಗಂಟೆಗೆ ಮಾಮುಗೆ ಫೋನ್ ಮಾಡಿದಾಗ ಅಲ್ಲಿ ರಾತ್ರಿ ಎರಡೂವರೆ. ಅಮ್ಮಿ ಮತ್ತು ನಾನು ಸಿಕ್ಕ ಮೊದಲ ಬಸ್ಸು ಹತ್ತಿದೆವು. ಜುಹರ್ ನಂತರ ದಫನ್ ಆಯಿತು. ಮಾಮುಗೆ ಆಗಿನ್ನೂ ರಜೆ ಸಿಕ್ಕಿರಲಿಲ್ಲ. ರಜೆ ಆದ ಮೇಲೆ ಮರಳಿ ಹೋಗುವ ವೀಸಾ, ಆಮೇಲೆ ಟಿಕೆಟ್. ಮೂರನೇ ದಿನದ ಜಿಯಾರತ್ ಮುಗಿದು, ಬುಧವಾರ ಸಂಜೆ ಆರಕ್ಕೆ ಅವರು ಆಟೋದಿಂದ ಇಳಿದರು. ಕೈಯಲ್ಲಿ ಜಮ್‌ಜಮ್ ನೀರಿನ ಕ್ಯಾನ್ ಇತ್ತು.

ವಿಮಾನದಲ್ಲಿ ಎಷ್ಟು ಹೊತ್ತಾಯಿತು ಎಂದು ಕೇಳಬಾರದಿತ್ತು. ಕೇಳಿದೆ. "ಐದು ತಾಸು" ಎಂದರು.

ಕೊನೆಯ ರಾತ್ರಿ ನಾನಿ ಎರಡು ಸಲ "ಫೋನ್ ಮಾಡಿದ್ರಾ?" ಎಂದು ವಿಚಾರಿಸಿದ್ದರಂತೆ. ಬರೀ ಜ್ವರ ಎಂದುಕೊಂಡು ಮನೆಯವರು ಮಾಡಿರಲಿಲ್ಲ. ಮಾಡಿದ್ದೇವೆ ಎಂದು ಹೇಳಿದರಂತೆ. "ಹಂಗಾದ್ರ ಮುಂಜಾನಿಗೆ ಬರ್ತಾನ" ಎಂದು ಮಲಗಿದರಂತೆ. ಇದನ್ನು ಮಾಮಿ ನನಗೆ ಅಡುಗೆಮನೆಯಲ್ಲಿ ಹೇಳಿದರು. ಮಾಮುಗೆ ಯಾರೂ ಹೇಳಿಲ್ಲ.

ಸಿಂಧನೂರಿಗೆ ಮರಳುವಾಗ ಬಸ್ಸಿನಲ್ಲಿ ಮತ್ತೆ ನೋಟ್‌ಬುಕ್ ತೆಗೆದೆ. ಆಕಾಶದ 4,100, ಹೈದರಾಬಾದಿನಿಂದ ರಸ್ತೆಯ ಸುಮಾರು 300. ಫೋನಿನಿಂದ ಬಾಗಿಲವರೆಗೆ 61 ಗಂಟೆ. ಭಾಗಿಸಿದರೆ ಗಂಟೆಗೆ 72 ಕಿ.ಮೀ. ನಮ್ಮ ಬಸ್ಸು ಒಳ್ಳೆಯ ರಸ್ತೆಯಲ್ಲಿ ಅಷ್ಟು ಓಡುತ್ತದೆ.

"ಏನು ಬರೀತಿದ್ದೀ?" ಎಂದರು ಅಮ್ಮಿ.

ಹೋಮ್‌ವರ್ಕ್ ಎಂದೆ.